ವೃತ್ತದ ಹೊರಗಿನ ಒಂಬತ್ತು ಹೆಸರು

ಮೀನೆಣ್ಣೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ಮೈಯೆಲ್ಲ ಸುಸ್ತಾದಂತಾಯಿತು. ಹೋದ ತಿಂಗಳು ಹಂಗಾರಕಟ್ಟೆಗೆ ಹೋಗಿದ್ದೆ. ದೋಣಿ ಕಟ್ಟುವ ಜಾಗದಲ್ಲಿ ಒಬ್ಬರು ಹೊಸ ದೋಣಿಯ ಮರಕ್ಕೆ ಮೀನೆಣ್ಣೆ ಬಳಿಯುತ್ತಿದ್ದರು. ಆ ವಾಸನೆ ಇಷ್ಟ ಎನ್ನುವವರನ್ನು ನಾನು ಈವರೆಗೆ ಕಂಡಿಲ್ಲ. ನನಗೂ ಇಷ್ಟವಿಲ್ಲ. ಆದರೂ ಅಲ್ಲೇ ನಿಂತೆ. ಆರು ವರ್ಷದ ಹಿಂದೆ, ಮಳೆಗಾಲ ಮುಗಿಯುವಾಗಿನಿಂದ ಫೆಬ್ರವರಿಯವರೆಗೆ, ದಿನಾ ಬೆಳಿಗ್ಗೆ ಇದೇ ವಾಸನೆಯನ್ನು ದಾಟಿಕೊಂಡು ಬಸ್ಸಿಗೆ ಓಡುತ್ತಿದ್ದೆ. ಸಂಜೆ ಇದೇ ವಾಸನೆಯೊಳಗೆ ಕಾಲೆಳೆದುಕೊಂಡು ವಾಪಸು ಬರುತ್ತಿದ್ದೆ.

ಆಗ ನನಗೆ ನಲವತ್ತಾರು. ಕುಂದಾಪುರದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುತ್ತಿದ್ದೆ. ಹನ್ನೊಂದು ವರ್ಷದಿಂದ ಎಳೆದುಕೊಂಡು ಬಂದ ಪಿಎಚ್.ಡಿ.ಗೆ ಕೊನೆಯ ಬಾರಿ ಅವಧಿ ವಿಸ್ತರಣೆ ಸಿಕ್ಕಿತ್ತು. ಜನವರಿಯೊಳಗೆ ಪ್ರಬಂಧ ಕೊಡದಿದ್ದರೆ ಕಡತ ಮುಚ್ಚುತ್ತೇವೆ ಎಂದು ಪತ್ರವೂ ಬಂದಿತ್ತು. ಬೈಂದೂರಿನ ಒಳಗಿನ ಒಂದು ದೇವಸ್ಥಾನದ ಊರು ನನ್ನದು. ಅಲ್ಲಿ ಅಣ್ಣಂದಿರ ಮಕ್ಕಳ ಗಲಾಟೆಯಲ್ಲಿ ಕೂತು ಬರೆಯುವುದು ಸಾಧ್ಯವಿರಲಿಲ್ಲ. ಸಹೋದ್ಯೋಗಿಯೊಬ್ಬರು ಹಂಗಾರಕಟ್ಟೆಯಿಂದ ಕಡಲ ದಡದ ಕೋಡಿಗೆ ಹೋಗುವ ದಾರಿಯಲ್ಲಿ ಒಂದು ಮಾಳಿಗೆ ಕೋಣೆ ಕೊಡಿಸಿದರು. ಮನೆಯಾಕೆ ಚಂದಕ್ಕ, ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರುವವರು. ನಾನು ಮೀನು ತಿನ್ನುವ ಮನೆಯವಳೇ, ಆದರೆ ಮೀನು ಹಿಡಿಯುವ ಮನೆಯವಳಲ್ಲ. ಆ ಎರಡರ ನಡುವೆ ಎಷ್ಟು ದೂರವಿದೆ ಎಂದು ಅಲ್ಲಿಗೆ ಹೋಗುವ ತನಕ ನನಗೆ ಗೊತ್ತಿರಲಿಲ್ಲ.

"ಹ್ವಾಯ್ ಮೇಡಮ್, ಉಂಡ್ರಿಯಾ? ಆ ಡಬ್ಬಿ ಎದುರ್ ಕೂಕಂಡ್ ಎಂತಕೆ ಕಣ್ಣ್ ಹಾಳ್ ಮಾಡ್ಕಂತ್ರಿ?" ಎಂದು ಚಂದಕ್ಕ ಕೆಳಗಿನಿಂದಲೇ ಕೂಗುತ್ತಿದ್ದರು. ಡಬ್ಬಿ ಎಂದರೆ ನನ್ನ ಲ್ಯಾಪ್‌ಟಾಪ್. ಅದರೊಳಗೆ ಬಾಹ್ಯಾಕಾಶದ ದೂರದರ್ಶಕವೊಂದು ಅಳೆದ ನಕ್ಷತ್ರಗಳ ಪಟ್ಟಿ. ಎಲ್ಲಿದೆ, ಎಷ್ಟು ದೂರ, ಯಾವ ಕಡೆಗೆ ಎಷ್ಟು ವೇಗ ಎಂದು ಒಂದೊಂದು ನಕ್ಷತ್ರಕ್ಕೂ ಒಂದೊಂದು ಸಾಲು. ರೋಹಿಣಿಯ ಸುತ್ತ ಕಾಣುವ ನಕ್ಷತ್ರಗುಚ್ಛಕ್ಕೆ ಇವುಗಳಲ್ಲಿ ಯಾವುವು ಸೇರಿದವು, ಯಾವುವು ಅಲ್ಲ ಎಂದು ಆರಿಸುವುದು ನನ್ನ ಕೆಲಸ.

ಒಂದೇ ಮೋಡದಿಂದ ಒಟ್ಟಿಗೆ ಹುಟ್ಟಿದ ನೂರಾರು ನಕ್ಷತ್ರಗಳು ಒಂದನ್ನೊಂದು ಸೆಳೆದುಕೊಂಡು ಗುಂಪಾಗಿ ಸಾಗುತ್ತವೆ. ಹಾಗೆಂದು ಒಳಗೆ ನೆಮ್ಮದಿ ಏನಿಲ್ಲ. ಹತ್ತಿರ ಹಾದುಹೋಗುವಾಗಲೆಲ್ಲ ಒಂದರ ವೇಗ ಇನ್ನೊಂದಕ್ಕೆ ಸಿಗುತ್ತದೆ. ಭಾರದವು ನಿಧಾನವಾಗಿ ನಡುವಿಗೆ ಇಳಿಯುತ್ತವೆ, ಹಗುರದವು ಅಂಚಿಗೆ ಬಂದು ನಿಲ್ಲುತ್ತವೆ. ಅಂಚಿಗೆ ಬಂದದ್ದನ್ನು ಆಕಾಶಗಂಗೆ ಸುಮ್ಮನೆ ಬಿಡುವುದಿಲ್ಲ. ಹಂಗಾರಕಟ್ಟೆಯ ಹೊಳೆಬಾಯಿಯಲ್ಲಿ ದಿನಕ್ಕೆರಡು ಸಲ ನೀರು ಏರಿಸಿ ಇಳಿಸುವಂಥದೇ ಸೆಳೆತ ಅದಕ್ಕೂ ಇದೆ. ಅದು ಒಂದೊಂದನ್ನೇ ಗುಂಪಿನಿಂದ ಬಿಡಿಸಿಕೊಳ್ಳುತ್ತದೆ. ಬಿಡಿಸಿಕೊಂಡವು ದಿಕ್ಕಾಪಾಲಾಗುವುದಿಲ್ಲ ಎನ್ನುವುದೇ ವಿಶೇಷ. ಆಕಾಶಗಂಗೆಯ ನಡುವಿನ ಕಡೆಗೆ ಜಾರಿದವು ಗುಂಪಿಗಿಂತ ಸ್ವಲ್ಪ ಮುಂದೆ, ಹೊರಕ್ಕೆ ಜಾರಿದವು ಸ್ವಲ್ಪ ಹಿಂದೆ, ಆದರೆ ಹೆಚ್ಚುಕಡಿಮೆ ಅದೇ ದಾರಿಯಲ್ಲಿ ಕೋಟಿಗಟ್ಟಲೆ ವರ್ಷ ನಡೆಯುತ್ತಲೇ ಇರುತ್ತವೆ. ಹೀಗೆ ಗುಂಪಿಗೆ ಮುಂದೊಂದು ಹಿಂದೊಂದು ಬಾಲ ಬೆಳೆಯುತ್ತದೆ. ನನ್ನ ಪ್ರಬಂಧ ಆ ಬಾಲಗಳ ಮೇಲೆ. ಸೆಪ್ಟೆಂಬರ್ ಬಂದರೂ ನನಗೆ ಒಂದು ಬಾಲವೂ ಸಿಕ್ಕಿರಲಿಲ್ಲ.

ಚಂದಕ್ಕನ ಗಂಡ ಸುಬ್ಬಣ್ಣ ಮನೆಯಲ್ಲಿ ಇರುತ್ತಿರಲಿಲ್ಲ. ಮೊಣಕಾಲು ಕೈಕೊಟ್ಟ ಮೇಲೆ ದೋಣಿ ಬಿಟ್ಟು, ಶಿರೂರಿನ ಒಂದು ಐಸ್ ಪ್ಲಾಂಟಿನಲ್ಲಿ ಕೆಲಸಕ್ಕೆ ನಿಂತಿದ್ದರು. ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದರು. ಅದಕ್ಕೂ ಮೊದಲು ಮೂವತ್ತು ವರ್ಷ ಅವರು ಕೋಡಿಯ ಕೈರಂಪಣಿಯಲ್ಲಿದ್ದವರು. ಒಂದು ದೋಣಿ ಕಡಲಿನಲ್ಲಿ ಅರ್ಧ ಸುತ್ತು ಹೊಡೆದು ಬಲೆ ಬಿಟ್ಟು ಬರುತ್ತದೆ, ಬಲೆಯ ಎರಡು ತುದಿಯ ಹಗ್ಗಗಳನ್ನು ದಡದಲ್ಲಿ ಎರಡು ಸಾಲು ಜನ ನಿಂತು ಎಳೆಯುತ್ತಾರೆ. ಅದೇ ಕೈರಂಪಣಿ. ಮಾರುವ ಮೀನು ಹೋದ ಮೇಲೆ, ಮನೆಗೆ ಒಯ್ಯುವ ಮೀನನ್ನು ಮರಳಿನ ಮೇಲೆ ಗುಪ್ಪೆ ಗುಪ್ಪೆಯಾಗಿ ಹಾಕುತ್ತಾರೆ. ಒಂದು ಹೆಸರಿಗೆ ಒಂದು ಗುಪ್ಪೆ. ಅದು ಪಾಲು. ತಂಡದ ಹಿರಿಯ ಗೋಪಾಲಣ್ಣ ಹೆಸರು ಓದುತ್ತಾರೆ, ಆ ಮನೆಯವರು ಬಂದು ತುಂಬಿಕೊಳ್ಳುತ್ತಾರೆ.

ಆ ವರ್ಷದ ಮಳೆಗೆ ಬಲೆಮನೆಯ ಮಾಡು ಸೋರಿ ಹೆಸರಿನ ಪುಸ್ತಕ ನೆನೆದು ಮುದ್ದೆಯಾಯಿತು. ಗೋಪಾಲಣ್ಣ ಅದನ್ನು ತಟ್ಟೆಯಲ್ಲಿ ಇಟ್ಟುಕೊಂಡು ನನ್ನ ಕೋಣೆಗೆ ಬಂದರು.

"ಮೇಡಮ್, ನೀವ್ ದಿನಾ ಪಟ್ಟಿಯೇ ಮಾಡುದಲೆ. ನಮ್ದೊಂದ್ ಮಾಡಿ ಕೊಡಿ. ಫೋನ್ ನಂಬರ್ ಸಮೇತ ಪ್ರಿಂಟ್ ಹಾಕಿ. ಬಲೆ ಹಾಕು ದಿನ ಫೋನ್ ಮಾಡುಕೂ ಆತ್ತ್, ಪಾಲ್ ಓದುಕೂ ಆತ್ತ್."

ಸಂಶೋಧಕಿಗೆ ಇದಕ್ಕಿಂತ ದೊಡ್ಡ ಸನ್ಮಾನ ಬೇಕೆ? ಎರಡು ಸಂಜೆ ಮನೆಮನೆ ತಿರುಗಿದೆ. ಪುಸ್ತಕದಿಂದ ಕಷ್ಟಪಟ್ಟು ಓದಿ ತೆಗೆದ ಹೆಸರು ಒಟ್ಟು ಮೂವತ್ತಮೂರು. ಅದರಲ್ಲಿ ಒಂಬತ್ತು ಜನ ಊರಿನಲ್ಲೇ ಇರಲಿಲ್ಲ. ನಾನು ನನ್ನ ಬುದ್ಧಿ ಓಡಿಸಿದೆ: ಇಲ್ಲಿ ಇದ್ದವರು ಸದಸ್ಯರು, ಇಲ್ಲದವರು ಅಲ್ಲ. ಚಂದಕ್ಕನನ್ನೂ ಕೇಳಿದೆ.

"ಸುಬ್ಬಣ್ಣ ಈಗ ಇಲ್ಲಿ ಇಪ್ಪುದಿಲ್ಲ ಅಲ್ದಾ ಚಂದಕ್ಕ?"

"ಇಲ್ಲ ಮೇಡಮ್, ಅವ್ರ್ ಶಿರೂರಗೆ," ಎಂದರು ಮೀನು ಕೊಯ್ಯುತ್ತಾ. ಯಾಕೆ ಕೇಳಿದ್ದು ಎಂದು ಅವರು ಕೇಳಲಿಲ್ಲ. ನಾನೂ ಹೇಳಲಿಲ್ಲ.

ಇಪ್ಪತ್ತನಾಲ್ಕು ಹೆಸರಿನ ಚಂದದ ಪಟ್ಟಿ ತಯಾರಾಯಿತು. ಪ್ಲಾಸ್ಟಿಕ್ ಹೊದಿಸಿ ಕೊಟ್ಟೆ. ಗೋಪಾಲಣ್ಣ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹೋದರು.

ಮೊದಲ ಎಳೆತದ ದಿನ ಭಾನುವಾರವಾಗಿತ್ತು, ನಾನೂ ನೋಡಲು ಹೋಗಿದ್ದೆ. ಬಂಗುಡೆ ಬಿದ್ದಿತ್ತು, ತೀರಾ ಹೆಚ್ಚಲ್ಲ. ಗುಪ್ಪೆಗಳಾದವು. ಚಂದಕ್ಕ ಬುಟ್ಟಿ ಹಿಡಿದು ಹೆಂಗಸರ ಜೊತೆ ನಿಂತಿದ್ದರು. ಗೋಪಾಲಣ್ಣ ಕನ್ನಡಕ ಹಾಕಿಕೊಂಡು ಒಂದೊಂದೇ ಹೆಸರು ಓದಿದರು. ನಡುವೆ ಒಮ್ಮೆ ತಡೆದು ಕಾಗದವನ್ನು ಕಣ್ಣಿನ ಹತ್ತಿರ ತಂದರು, ಮತ್ತೆ ಮುಂದುವರಿಸಿದರು. ಇಪ್ಪತ್ತನಾಲ್ಕು ಮುಗಿಯಿತು. ಮರಳಿನ ಮೇಲೆ ಒಂದು ಗುಪ್ಪೆಯೂ ಉಳಿಯಲಿಲ್ಲ. ಚಂದಕ್ಕ ಸ್ವಲ್ಪ ಹೊತ್ತು ಅಲ್ಲೇ ನಿಂತು, ಬುಟ್ಟಿಯನ್ನು ಮಗುಚಿ ಸೊಂಟಕ್ಕೆ ಇಟ್ಟುಕೊಂಡು ಮನೆಗೆ ನಡೆದರು.

ಆ ಸಂಜೆ ಮೆಟ್ಟಿಲ ಬುಡದಲ್ಲಿ ನಿಂತು ಅವರು ಕೇಳಿದ್ದು ಒಂದೇ ಮಾತು. "ಪಟ್ಟಿಯಗೆ ಇವ್ರ ಹೆಸ್ರ್ ತೆಗಿ ಅಂದೇಳಿ ಗೋಪಾಲಣ್ಣ ಹೇಳ್ದ್ರಾ ಮೇಡಮ್?"

"ಇಲ್ಲ. ನಾನೇ ತೆಗೆದದ್ದ್. ಅವ್ರ್ ಇಲ್ಲಿ ಇಲ್ಲ ಅಂದ್ರಿ ಅಲ್ದಾ ನೀವ್?"

"ಹ್ವಾ," ಎಂದರು. ಒಳಗೆ ಹೋದರು. ಮಾರನೆಯ ದಿನದಿಂದ 'ಉಂಡ್ರಿಯಾ' ಎಂಬ ಕೂಗು ನಿಂತಿತು.

ಆಮೇಲೆ ಒಬ್ಬೊಬ್ಬರನ್ನೇ ಕೇಳಿ ತಿಳಿದುಕೊಂಡೆ. ಕೆಲಸಕ್ಕೆಂದು ಬೇರೆ ಊರಿಗೆ ಹೋದವನಾದರೂ, ಕರೆದಾಗ ಬರುವವನಾದರೆ ಅವನ ಹೆಸರು ತೆಗೆಯುವಂತಿಲ್ಲ. ಬರಲಾಗದ ದಿನವೂ ಅವನ ಮನೆಗೆ ಗುಪ್ಪೆ ಹೋಗಬೇಕು. ಸತ್ತವನ ಹೆಸರಿನಲ್ಲೂ ವರ್ಷದ ತಿಥಿಯವರೆಗೆ ಪಾಲು ಹಾಕುತ್ತಾರೆ. 'ಬಿಟ್ಟೆ' ಎಂದು ಅವನೇ ಬಾಯಿಬಿಟ್ಟು ಹೇಳಿದರೆ ಮಾತ್ರ ಹೆಸರು ಹೋಗುವುದು. ಇದನ್ನು ಯಾರೂ ನನಗೆ ಹೇಳಿರಲಿಲ್ಲ, ಏಕೆಂದರೆ ಇದು ಹೇಳಬೇಕಾದ ಸಂಗತಿ ಎಂದು ಅಲ್ಲಿ ಯಾರಿಗೂ ಅನ್ನಿಸಿರಲಿಲ್ಲ. ಗೋಪಾಲಣ್ಣ ಎಣಿಸಿದ್ದು, ಆ ಒಂಬತ್ತು ಜನ ನನ್ನ ಹತ್ತಿರ ಬಿಟ್ಟೆವು ಅಂದಿರಬೇಕು ಎಂದು. ನಾನೇ ತೆಗೆದದ್ದು ಎಂದರೂ ಚಂದಕ್ಕ ಎಣಿಸಿದ್ದು, ಗೋಪಾಲಣ್ಣನೇ ತೆಗೆಸಿರಬೇಕು ಎಂದು. ಒಬ್ಬರನ್ನೊಬ್ಬರು ಕೇಳಿಕೊಂಡಿದ್ದರೆ ಐದು ನಿಮಿಷದಲ್ಲಿ ಮುಗಿಯುತ್ತಿತ್ತು. ಕೇಳುವುದು ಮರ್ಯಾದೆಯಲ್ಲ ಎಂದು ಎಲ್ಲರೂ ಸುಮ್ಮನಿದ್ದರು. ತಪ್ಪು ಒಪ್ಪಿಕೊಳ್ಳಲು ಮುಖವಿಲ್ಲದೆ ನಾನೂ ದಿನ ತಳ್ಳಿದೆ.

ಅಕ್ಟೋಬರಿನಲ್ಲಿ ನನ್ನ ಇನ್ನೊಂದು ಪಟ್ಟಿಯೂ ತಿರುಗಿ ಬಂತು. ಗೈಡ್ ಫೋನಿನಲ್ಲಿ ಹೆಚ್ಚೇನೂ ಬೈಯಲಿಲ್ಲ. ಅವರಿಗೂ ನನ್ನ ಜೊತೆ ಹನ್ನೊಂದು ವರ್ಷದ ಸುಸ್ತು. "ಗುಚ್ಛದ ನಡುವಿನಿಂದ ಒಂದು ವೃತ್ತ ಎಳೆದಿದ್ದೀರಿ. ಒಳಗಿದ್ದವು ಸದಸ್ಯರು, ಹೊರಗಿದ್ದವು ಅಲ್ಲ ಅಂತೀರಿ. ಬಾಲ ಇರುವುದೇ ವೃತ್ತದ ಹೊರಗೆ. ಅದನ್ನು ನೀವೇ ಎಸೆದು, ಈಗ ಬಾಲ ಸಿಗಲಿಲ್ಲ ಅಂದರೆ ಹೇಗೆ ಮೇಡಮ್?" ಎಂದರು.

ಫೋನಿಟ್ಟು ಮಂಚದ ಮೇಲೆ ಕೂತೆ. ಅಳು ಬರಲಿಲ್ಲ, ನಗುವೂ ಬರಲಿಲ್ಲ. ಒಂದೇ ತಪ್ಪನ್ನು ಆಕಾಶದಲ್ಲೊಮ್ಮೆ ನೆಲದ ಮೇಲೊಮ್ಮೆ ಮಾಡುವಷ್ಟು ದಡ್ಡಿ ನಾನು ಎಂದು ನಾಚಿಕೆಯಾಯಿತು.

ನವೆಂಬರಿನ ಒಂದು ಶನಿವಾರ ಮಧ್ಯಾಹ್ನ ಕಾಲೇಜು ಬಿಟ್ಟವಳು ದಕ್ಷಿಣದ ಬಸ್ಸಿನ ಬದಲು ಉತ್ತರದ ಬಸ್ಸು ಹತ್ತಿದೆ. ಶಿರೂರಿಗೆ ಟಿಕೆಟ್ ಕೊಟ್ಟ ಕಂಡಕ್ಟರ್ ನನ್ನ ಮುಖ ನೋಡಿ, "ಮೇಡಮ್, ನೀವ್ ಚಂದಕ್ಕನ ಮನೆಯಗೆ ಇಪ್ಪುದಲ್ದಾ? ಕೋಡಿಯಗೆ ಬಲೆ ಹಾಕ್ದ್ರಾ? ಗಾಳಿ ಹ್ಯಾಂಗಿತ್ತ್?" ಎಂದ. ಹೆಸರು ಕೇಳಿದೆ. ನಾನು ತೆಗೆದ ಒಂಬತ್ತರಲ್ಲಿ ಒಂದು. ಉಳಿದವರು ಎಲ್ಲೆಲ್ಲಿದ್ದಾರೆ ಎಂದು ಅವನೇ ಹೇಳಿದ. ಬೈಂದೂರಿನ ಬಸ್ ನಿಲ್ದಾಣದ ಎದುರು ಎಳನೀರು ಮಾರುವವನೊಬ್ಬ, ಕೋಟದ ಪಂಕ್ಚರ್ ಅಂಗಡಿಯಲ್ಲೊಬ್ಬ, ಬ್ರಹ್ಮಾವರದ ಪೆಟ್ರೋಲ್ ಬಂಕಿನಲ್ಲಿಬ್ಬರು. ಹೀಗೆ ಒಂಬತ್ತೂ ಜನ ಒಂದೇ ಹೆದ್ದಾರಿಯ ಉದ್ದಕ್ಕೆ, ಕೆಲವರು ಉತ್ತರಕ್ಕೆ, ಕೆಲವರು ದಕ್ಷಿಣಕ್ಕೆ. ಎಲ್ಲರಿಗೂ ಕೆಲಸ ಬೇರೆ, ಕಿವಿ ಮಾತ್ರ ಕೋಡಿಯ ಗಾಳಿಯ ಕಡೆಗೆ. ಊರು ಬಿಟ್ಟವರು ಎಂದು ನಾನು ಹೆಸರು ತೆಗೆದುಬಿಟ್ಟಿದ್ದೆ.

ಸುಬ್ಬಣ್ಣ ಐಸ್ ಪ್ಲಾಂಟಿನ ಬಾಗಿಲಲ್ಲಿ ಸ್ಟೂಲಿನ ಮೇಲೆ ಕೂತಿದ್ದರು. ಮೊಣಕಾಲಿಗೆ ಬಟ್ಟೆ ಸುತ್ತಿಕೊಂಡಿದ್ದರು. ನನ್ನನ್ನು ಕಂಡು ಎದ್ದು ನಿಲ್ಲಲು ಹೊರಟರು.

"ಕೂಕಣಿ ಸುಬ್ಬಣ್ಣ. ನಾ ಒಂದ್ ತಪ್ಪ್ ಮಾಡಿದೆ," ಎಂದು ಎಲ್ಲ ಹೇಳಿದೆ.

ಒಳಗಿನಿಂದ ಐಸ್ ಪುಡಿ ಮಾಡುವ ಯಂತ್ರದ ಸದ್ದು ಬರುತ್ತಿತ್ತು. ಅವರು ಕಿಸೆಯಿಂದ ಫೋನ್ ತೆಗೆದು ನೋಡಿದರು. "ಮೂವತ್ತ್ ವರ್ಷಕ್ಕೆ ಮೊದ್ಲ್ ಸಲ ಕರಿಲಿಲ್ಲ ಕಾಣಿ. ಫೋನ್ ಹಾಳಾಯ್ತಾ ಅಂದೇಳಿ ಮಗಳ ಹತ್ರ ಒಂದ್ ಸಲ ರಿಂಗ್ ಕೊಡ್ಸ್ದೆ. ರಿಂಗ್ ಬಂತ್. ಫೋನ್ ಸರಿ ಇತ್ತ್."

ಫೋನ್ ಸರಿ ಇತ್ತು ಎನ್ನುವುದೇ ಅವರಿಗೆ ನೋವಾದದ್ದು. ಅಲ್ಲಿ ನಿಂತು ನನಗೆ ಅಳು ಬಂತು. ಅವರೇ ಸಮಾಧಾನ ಮಾಡಿ ಚಹಾ ತರಿಸಿದರು.

ಹಿಂತಿರುಗಿ ಎರಡು ಕೆಲಸ ಒಟ್ಟಿಗೆ ಹಿಡಿದೆ. ಆಕಾಶದ ಪಟ್ಟಿಯಿಂದ ವೃತ್ತ ಅಳಿಸಿದೆ. ಎಲ್ಲಿದೆ ಎಂದು ಕೇಳುವುದನ್ನು ಬಿಟ್ಟು, ಎಲ್ಲಿಗೆ ಯಾವ ವೇಗದಲ್ಲಿ ಹೊರಟಿದೆ ಎಂದು ಒಂದೊಂದನ್ನೂ ಕೇಳುತ್ತಾ ಹೋದೆ. ಅದೂ ಸುಲಭವಲ್ಲ. ದೂರ ಸರಿದ ನಕ್ಷತ್ರ ನಮ್ಮ ಕಣ್ಣಿಗೆ ಬೇರೆ ಕಡೆಗೇ ಹೊರಟಂತೆ ಕಾಣುತ್ತದೆ. ಅದು ನಾವು ನಿಂತು ನೋಡುವ ಜಾಗದ ದೋಷ. ಆ ದೋಷ ಕಳೆದರೆ ಅದರ ನಡಿಗೆ ಗುಂಪಿನದ್ದೇ. ಒಂದೊಂದಾಗಿ ಅವು ಸಿಗತೊಡಗಿದವು.

ನೆಲದ ಪಟ್ಟಿ ಅಷ್ಟು ಸುಲಭಕ್ಕೆ ಸರಿಯಾಗಲಿಲ್ಲ. ಮೂವತ್ತಮೂರು ಹೆಸರಿನ ಹೊಸ ಕಾಗದ ಒಯ್ದಾಗ ಗೋಪಾಲಣ್ಣ ತಲೆಯ ಮೇಲೆ ಕೈ ಇಟ್ಟುಕೊಂಡರು. "ಇಷ್ಟ್ ದಿನ ಕರೀದೇ ಇದ್ದವ ಈಗ ಯಾವ ಮೋರೆಯಗೆ ಕರೂದ್ ಮೇಡಮ್? ಬರುದಿಲ್ಲ ಅಂದ್ರೆ?" ಎಂದರು. ಕಾಗದ ಬಲೆಮನೆಯ ಗೋಡೆಯ ಮೇಲೆ ಹಾಗೇ ಉಳಿಯಿತು. ಚಂದಕ್ಕನ ಬುಟ್ಟಿ ಇನ್ನೂ ಮೂರು ಸಲ ಖಾಲಿ ಬಂತು.

ಡಿಸೆಂಬರಿನ ಒಂದು ಭಾನುವಾರ ಬೆಳಿಗ್ಗೆ ಬಂಗುಡೆಯ ದೊಡ್ಡ ಗುಂಪು ದಡಕ್ಕೆ ಬಂತು. ನೀರು ಕಪ್ಪಾಗಿ ಕುದಿಯುವಂತೆ ಕಾಣುತ್ತಿತ್ತು. ಬಲೆ ಬಿಟ್ಟು ಹಗ್ಗ ದಡಕ್ಕೆ ತಂದಾಗಲೇ ಎಲ್ಲರಿಗೂ ಗೊತ್ತಾದದ್ದು, ಆ ಭಾರಕ್ಕೆ ಇದ್ದ ಜನ ಸಾಲದು ಎಂದು. ಎಳೆದಷ್ಟೂ ಹಗ್ಗ ಕಡಲಿಗೇ ಜಾರುತ್ತಿತ್ತು. ಮೊಣಕಾಲು ಮರಳಿನಲ್ಲಿ ಹೂತುಕೊಂಡು ಜನ ನಿಂತಿದ್ದರು. ಗೋಪಾಲಣ್ಣ ನನ್ನ ಕಡೆ ತಿರುಗಿ ಕೂಗಿದರು: "ಮೇಡಮ್, ತೆಗ್ದದ್ದ್ ನೀವಲೆ! ನೀವೇ ಕರೀನಿ!"

ಮರಳಿನ ಮೇಲೆ ಕೂತು ಒಂಬತ್ತು ಫೋನ್ ಮಾಡಿದೆ. ಪ್ರತಿಯೊಬ್ಬರಿಗೂ ಮೊದಲು ನನ್ನ ತಪ್ಪು ಹೇಳಿ, ಆಮೇಲೆ ಬಲೆಯ ವಿಷಯ ಹೇಳಿದೆ. ಒಬ್ಬರ ಫೋನ್ ಬಂದ್ ಆಗಿತ್ತು. ಇನ್ನೊಬ್ಬರು, "ಇನ್ನ್ ನನ್ನ ಕರೀಬೇಡಿ, ನಾ ಬಿಟ್ಟೆ," ಎಂದು ಇಟ್ಟರು. ಅದು ಬಾಯಿಬಿಟ್ಟು ಹೇಳಿದ ಮಾತು, ಆ ಹೆಸರು ಅಲ್ಲಿಗೆ ಮುಗಿಯಿತು. ಉಳಿದ ಏಳು ಜನ ಒಂದೇ ಮಾತು ಅಂದರು: "ಬತ್ತೆ."

ಇದ್ದವರು ಹಗ್ಗವನ್ನು ತೆಂಗಿನ ಮರಕ್ಕೆ ಸುತ್ತಿ ಹಿಡಿದುಕೊಂಡರು. ಕೋಟದವನು ಗ್ರೀಸ್ ಕೈಯಲ್ಲೇ ಬೈಕಿನಲ್ಲಿ ಬಂದ. ಬ್ರಹ್ಮಾವರದ ಇಬ್ಬರು ಬಂಕಿನ ಅಂಗಿಯಲ್ಲೇ ಬಂದು ನೀರಿಗಿಳಿದರು. ಆಮೇಲೆ ಕುಂದಾಪುರದ ಕಡೆಯವರು. ಸುಬ್ಬಣ್ಣ ಶಿರೂರಿನಿಂದ ಬಸ್ಸಿನಲ್ಲಿ, ಆಟೋದಲ್ಲಿ ಬಂದು ಮುಟ್ಟುವಾಗ ಎರಡು ಗಂಟೆ ಕಳೆದಿತ್ತು. ಅವರಿಗೆ ಎಳೆಯಲು ಆಗುವುದಿಲ್ಲ. ಸಾಲಿನ ಹಿಂದೆ ಕುಕ್ಕರಗಾಲಿನಲ್ಲಿ ಕೂರಲಾರದೆ ಕಾಲು ಚಾಚಿ ಕೂತು, ಬಂದ ಹಗ್ಗವನ್ನು ಸುರುಳಿ ಸುತ್ತುತ್ತಾ, "ಹಾಂ, ಈಗ! ಈಗ ಬಿಡಿ! ಹಾಂ, ಈಗ!" ಎಂದು ಅಲೆ ನೋಡಿ ಹೇಳುತ್ತಿದ್ದರು. ಅವರು ಬಂದ ಮೇಲೆ ಎರಡೂ ಸಾಲು ಒಂದೇ ಉಸಿರಿನಲ್ಲಿ ಎಳೆಯತೊಡಗಿದವು. ಬಲೆ ದಡಕ್ಕೆ ಬಂತು.

ಮರಳಿನ ಮೇಲೆ ಗುಪ್ಪೆಗಳಾದವು. ಗೋಪಾಲಣ್ಣ ಹೊಸ ಕಾಗದ ಓದಿದರು. ಸುಬ್ಬಣ್ಣನ ಹೆಸರು ಬಂದಾಗ ಸುಬ್ಬಣ್ಣ ಏಳಲಿಲ್ಲ. ಚಂದಕ್ಕ ಮುಂದೆ ಬಂದು ಒಂದೊಂದೇ ಮೀನನ್ನು ಬುಟ್ಟಿಗೆ ಹಾಕಿಕೊಂಡರು, ನಿಧಾನವಾಗಿ, ಎಲ್ಲರೂ ನೋಡಲಿ ಎನ್ನುವಂತೆ. ಆ ರಾತ್ರಿ ಮೆಟ್ಟಿಲ ಬುಡದಿಂದ ಕೂಗು ಕೇಳಿಸಿತು: "ಮೇಡಮ್, ಉಂಡ್ರಿಯಾ?"

ಜನವರಿಯಲ್ಲಿ ಪ್ರಬಂಧ ಕೊಟ್ಟೆ. ಎರಡು ಬಾಲಗಳಿದ್ದವು, ಒಂದು ಸ್ವಲ್ಪ ತೆಳು. ಕೊಟ್ಟು ಬಂದ ದಿನ ಸಂತೋಷಪಡುವಷ್ಟೂ ಶಕ್ತಿ ಇರಲಿಲ್ಲ. ಸಂಜೆ ಕತ್ತಲಾಗುವಾಗ ಚಂದಕ್ಕ ಚಾವಣಿಯಲ್ಲಿ ಒಣಮೀನು ತೆಗೆಯುತ್ತಿದ್ದರು. ತಲೆಯ ಮೇಲೆ ರೋಹಿಣಿ ಕೆಂಪಗೆ ಕಾಣುತ್ತಿತ್ತು.

"ನಾ ಇಷ್ಟ್ ದಿನ ಕಂಡದ್ದ್ ಅದೇ ಗುಂಪ್, ಚಂದಕ್ಕ. ಆ ಕೆಂಪ್ ಇದ್ದದ್ದ್ ರೋಹಿಣಿ. ಕಾಂಬುಕೆ ಗುಂಪಿನ ಒಳಗೇ ಇತ್ತ್. ಆದ್ರೆ ಆ ಗುಂಪಿನದ್ದಲ್ಲ. ಗುಂಪ್ ಹಿಂದೆ ಎಷ್ಟೋ ದೂರ ಇತ್ತ್. ಇದ್ ನಡು ದಾರಿಯಗೆ ಇಪ್ಪುದ್, ಅಷ್ಟೇ."

ಚಂದಕ್ಕ ಕತ್ತೆತ್ತಿ ನೋಡಿದರು. "ಹಾಂಗಾರೆ ಅದ್ ಬಾಡಿಗೆಗೆ ಇಪ್ಪುದ್," ಎಂದು ನಕ್ಕರು. ನಾನೂ ನಕ್ಕೆ. ಫೆಬ್ರವರಿಯಲ್ಲಿ ಕೋಣೆ ಬಿಟ್ಟೆ.

ಹೋದ ತಿಂಗಳು ಹೋದದ್ದು ಸುಬ್ಬಣ್ಣ ತೀರಿಕೊಂಡ ಸುದ್ದಿ ತೀರಾ ತಡವಾಗಿ ಕಿವಿಗೆ ಬಿದ್ದದ್ದರಿಂದ. ನನಗೆ ಯಾರೂ ಫೋನ್ ಮಾಡಿರಲಿಲ್ಲ. ಚಂದಕ್ಕ ಮನೆಯಲ್ಲಿರಲಿಲ್ಲ, ಕಡಲ ಬದಿಯಲ್ಲಿದ್ದರು. ಆಗಷ್ಟೇ ಬಲೆ ಎಳೆದಾಗಿತ್ತು. ಎಳೆದವರು ಇಪ್ಪತ್ತೂ ಇರಲಿಲ್ಲ. ಬಲೆಮನೆಯ ಗೋಡೆಯಲ್ಲಿ ನನ್ನ ಕಾಗದ ಹಳದಿಯಾಗಿ ಇನ್ನೂ ಇತ್ತು. ಕೆಲವು ಹೆಸರಿನ ಮೇಲೆ ಗೆರೆ ಬಿದ್ದಿತ್ತು, ಕೆಳಗೆ ಎರಡು ಹೆಸರನ್ನು ಯಾರೋ ಪೆನ್ನಿನಲ್ಲಿ ಸೇರಿಸಿದ್ದರು. ನಾನು ಅದನ್ನು ಮೇಲಿನಿಂದ ಕೆಳಗೆ ಓದಿದೆ. ಹುಡುಕುತ್ತಿದ್ದದ್ದು ನನ್ನ ಹೆಸರನ್ನು ಎಂದು ಹೊಳೆದು ನನಗೇ ನಾಚಿಕೆಯಾಯಿತು.

ಹೊರಗೆ ಗೋಪಾಲಣ್ಣನ ಮಗ ಹೆಸರು ಓದುತ್ತಿದ್ದ. "ಸುಬ್ಬಣ್ಣ" ಎಂದ. ಚಂದಕ್ಕ ಹೋಗಿ ಗುಪ್ಪೆಯನ್ನು ಬುಟ್ಟಿಗೆ ತುಂಬಿಕೊಂಡು ಬಂದರು. ಇನ್ನು ನಾಲ್ಕು ದಿನಕ್ಕೆ ವರ್ಷದ ತಿಥಿ, ಆಮೇಲೆ ಆ ಹೆಸರು ಓದುವುದಿಲ್ಲ ಎಂದರು. ಅದನ್ನು ಹೇಳುವಾಗ ಅವರ ದನಿ ಏರಲಿಲ್ಲ, ಇಳಿಯಲಿಲ್ಲ. ನನ್ನ ಕೈಚೀಲವನ್ನು ತಾವೇ ತೆಗೆದುಕೊಂಡು ಅದರ ಬಾಯಿ ಅಗಲಿಸಿ, ಬುಟ್ಟಿಯಿಂದ ದೊಡ್ಡ ಬಂಗುಡೆಗಳನ್ನೇ ಆರಿಸಿ ನಾಲ್ಕು ಹಾಕಿದರು.

"ಬೇಡ ಚಂದಕ್ಕ, ಕಡೆಯ ಪಾಲ್ ಇದ್," ಎಂದೆ.

"ನಿಮ್ಗೆಲ್ಲಿ ಪಾಲ್ ಮಾರಾಯ್ರೆ, ನೀವ್ ಬಾಡಿಗೆಯವ್ರ್," ಎಂದರು. "ಇದ್ ಇವ್ರದ್ದ್. ಇವ್ರೇ ಹೇಳಿದ್ದಿತ್ತ್, ಮೇಡಮ್ ಬಂದ್ರೆ ಕೊಡ್ ಅಂದೇಳಿ. ಅವತ್ತ್ ಬಲೆಗೆ ಬನ್ನಿ ಅಂದೇಳಿ ಫೋನ್ ಮಾಡಿದ್ದಕ್ಕೆ ಅಂದ್ರ್. ತಕಣಿ."